ಮೂರನೇ ಲೇನೇ ಯಾಕೆ ಗೆಲ್ಲುತ್ತದೆ? ರಾಡಿನ ತುಂಡಿನಲ್ಲಿ ನಾಲ್ಕು ಪರೀಕ್ಷಾ ಕಾರು

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಪ್ರೌಢಶಾಲೆ. ಡಿಸೆಂಬರ್‌ನ ವಿಜ್ಞಾನ ಮೇಳಕ್ಕೆ ಪೈನ್‌ವುಡ್ ಡರ್ಬಿ ಮಾದರಿಯ, ಅಂದರೆ ಇಳಿಜಾರಿನಲ್ಲಿ ತಾನೇ ಉರುಳುವ ಪುಟ್ಟ ಮರದ ಕಾರಿನ ಓಟ ಇಟ್ಟುಕೊಂಡಿದ್ದೇವೆ. ನಾಲ್ಕು ಲೇನಿನ, 32 ಅಡಿ ಉದ್ದದ ಪ್ಲೈವುಡ್ ಟ್ರ್ಯಾಕನ್ನು ಜುಲೈನಲ್ಲಿ ಬೆಳಗಾವಿಯಲ್ಲಿ ಮಾಡಿಸಿ ತಂದೆವು. ಶುರುವಿನ ಎತ್ತರ 4 ಅಡಿ. ಮಕ್ಕಳ ಎರಡು ಕಾರು ಬಿಟ್ಟು ನೋಡಿದರೆ ಮೂರನೇ ಲೇನೇ ಹೆಚ್ಚು ಸಲ ಗೆಲ್ಲುತ್ತಿದೆ. ಆ ಲೇನಿಗಾಗಿ ಈಗಲೇ ಜಗಳ ಶುರುವಾಗಿದೆ. ಟ್ರ್ಯಾಕ್ ಪರೀಕ್ಷಿಸಲು ನಾಲ್ಕು ಕಾರು ಬೇಕು, ಆದರೆ ತರಿಸಿದ 24 ಕಿಟ್ ಮಕ್ಕಳಿಗೇ ಸರಿಹೋಗುತ್ತವೆ. ಗಾಲಿ ಮತ್ತು ಅಚ್ಚಾಗಿ ಹೊಡೆಯುವ ಮೊಳೆಯ ಬಿಡಿ ಪೊಟ್ಟಣ ಮಾತ್ರ ಐದು ಉಳಿದಿವೆ. ಖರ್ಚಿಲ್ಲದೆ ತೂಕದ ಕಾರು ಮಾಡುವುದು ಹೇಗೆ? ನಮ್ಮ ಬಡಿಗೇರ ಕಾಕಾ ಸೀಸ ಕಾಯಿಸಿ ಹೊಯ್ಯೋಣ, ಗಾಲಿಗೆ ಎಣ್ಣೆ ಬಿಡೋಣ ಅನ್ನುತ್ತಾರೆ. ಭಾರ ಹೆಚ್ಚಿದ್ದಷ್ಟೂ ಜೋರು ಎನ್ನುವುದು ನಿಜವೇ, ಸರ್?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿವೆ. ಕಾರು ಜೋರಾಗಿ ಓಡುವುದು ಹೇಗೆ ಎನ್ನುವುದು ಮಕ್ಕಳ ಚಿಂತೆ. ಟ್ರ್ಯಾಕ್ ನಾಲ್ಕೂ ಲೇನಿನಲ್ಲಿ ಸಮ ಇದೆಯೇ ಎನ್ನುವುದು ನಿಮ್ಮದು. ಪರೀಕ್ಷಾ ಕಾರು ಬೇಕಾದದ್ದು ಎರಡನೆಯದಕ್ಕೆ. ಅದು ಮೊದಲ ಓಟದಲ್ಲೂ ನಲವತ್ತನೇ ಓಟದಲ್ಲೂ ಒಂದೇ ಥರ ಓಡಿದರೆ ಸಾಕು, ನಿಧಾನವಾಗಿ ಓಡಿದರೂ ನಡೆಯುತ್ತದೆ. ಹಾಗಾಗಿ ಬಣ್ಣ, ಆಕಾರ, ಚೂಪು ಮೂತಿ ಎಲ್ಲ ಬಿಟ್ಟುಬಿಡಿ. ಬರೀ ಪಟ್ಟಿ, ನಾಲ್ಕು ಗಾಲಿ, ಅಲುಗದ ತೂಕ.

ಮೂರನೇ ಲೇನ್ ತಪ್ಪು ಎಂದು ಈಗಲೇ ಹೇಳಲಾಗದು. ಎರಡೇ ಕಾರು ಬಿಟ್ಟಿದ್ದೀರಿ. ಒಳ್ಳೆಯ ಕಾರು ಹೆಚ್ಚು ಸಲ ಮೂರರಲ್ಲೇ ಓಡಿದ್ದರೆ ಲೇನಿಗೆ ಸುಮ್ಮನೆ ಹೆಸರು ಬಂದಿರುತ್ತದೆ.

ಮೊದಲು ಭಾರದ ಮಾತು. ಇಳಿಜಾರಿನಲ್ಲಿ ಭೂಮಿ ಎಲ್ಲವನ್ನೂ ಒಂದೇ ವೇಗೋತ್ಕರ್ಷದಿಂದ ಎಳೆಯುತ್ತದೆ. ಮೊಳೆ ಮತ್ತು ಗಾಲಿಯ ನಡುವಿನ ತಿಕ್ಕಾಟವೂ ಭಾರದ ಜೊತೆ ಹೆಚ್ಚುತ್ತದೆ. ಇವೆರಡನ್ನೇ ನೋಡಿದರೆ ಭಾರದಿಂದ ಲಾಭವಿಲ್ಲ. ಲಾಭ ಬರುವುದು ಬೇರೆ ಎರಡು ಕಡೆಯಿಂದ. ಗಾಳಿಯ ತಡೆ ಭಾರವನ್ನು ಕೇಳುವುದಿಲ್ಲ. ಗಾಲಿಯನ್ನು ತಿರುಗಿಸಲು ತಗಲುವ ಶಕ್ತಿಯೂ ಅಷ್ಟೇ. ಕಿಟ್‌ನ ಒಂದು ಗಾಲಿ ಸುಮಾರು 2.6 ಗ್ರಾಂ, ನಾಲ್ಕು ಸೇರಿ ಹತ್ತು ಗ್ರಾಂ ಚಿಲ್ಲರೆ. ಅವು ತಿರುಗುತ್ತಾ ಹೋಗುವುದರಿಂದ ಕಾರಿಗೆ ಇನ್ನೂ 6 ಗ್ರಾಂನಷ್ಟು ಜಡಭಾರ ಹೊತ್ತಂತೆ. 142 ಗ್ರಾಂನ ಕಾರಿಗೆ ಅದು ನೂರಕ್ಕೆ ನಾಲ್ಕು ಪಾಲು, ತೂಕ ಹಾಕದ 57 ಗ್ರಾಂನ ಕಾರಿಗೆ ಹನ್ನೊಂದು ಪಾಲು. ಖಾಲಿ ಕಾರು ಹಿಂದುಳಿಯುವುದು ಇದಕ್ಕೆ. ಅಂದರೆ ಮಿತಿಯೊಳಗೆ ಭಾರ ಹೆಚ್ಚಿದ್ದಷ್ಟೂ ಒಳ್ಳೆಯದು ನಿಜ, ಆದರೆ 138 ಗ್ರಾಂಗೂ 141 ಗ್ರಾಂಗೂ ನಡುವೆ ಆಕಾಶ ಭೂಮಿಯ ಅಂತರವೇನಿಲ್ಲ.

ಈ 142 ಎಲ್ಲಿಂದ ಬಂತು ಎಂದರೆ, ಆಟ ಅಮೆರಿಕದ್ದು. 1953ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ ಡಾನ್ ಮರ್ಫಿ ಎಂಬವರು ಕಬ್ ಸ್ಕೌಟ್ (ಸ್ಕೌಟ್‌ನ ಕಿರಿಯರ ವಿಭಾಗ) ಮಕ್ಕಳಿಗಾಗಿ ಶುರುಮಾಡಿದರು. ಅಳತೆಗಳು ಇಂಚು, ಔನ್ಸಿನಲ್ಲೇ ಉಳಿದಿವೆ: ಮರದ ತುಂಡು 7 ಇಂಚು ಉದ್ದ, ಒಂದೂ ಮುಕ್ಕಾಲು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ತೂಕದ ಮಿತಿ 5 ಔನ್ಸ್, ನಮ್ಮ ಲೆಕ್ಕದಲ್ಲಿ 141.7 ಗ್ರಾಂ. ಪೈನ್ ಮರದ ಇಡೀ ತುಂಡು ಸುಮಾರು 113 ಗ್ರಾಂ ತೂಗುತ್ತದೆ. ಅದೇ ಅಳತೆಯನ್ನು ತೇಗದಲ್ಲಿ ಕೊಯ್ಯಿಸಿದರೆ 160 ಗ್ರಾಂ ದಾಟುತ್ತದೆ. ಗಾಲಿ ಹಚ್ಚುವ ಮೊದಲೇ ಕಾರು ಅನರ್ಹ! ಆದ್ದರಿಂದ ಪರೀಕ್ಷಾ ಕಾರಿಗೆ ಇಡೀ ತುಂಡು ಬೇಡ, 12 ಎಂ.ಎಂ. ಪಟ್ಟಿ ಸಾಕು.

ಪಟ್ಟಿಗೆ ಅತ್ಯಂತ ಅಗ್ಗದ ಮರವೆಂದರೆ ಯಂತ್ರಗಳು ಬರುವ ಪೈನ್ ಪೆಟ್ಟಿಗೆ, ಪ್ಯಾಲೆಟ್ಟಿನದು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಗುಜರಿಗೆ ಹೋಗುವ ಮಾಲು. ಎರಡು ಎಚ್ಚರ. ಹಲಗೆಯ ಮೇಲಿನ ಮುದ್ರೆ ನೋಡಿ: ‘ಎಚ್‌ಟಿ’ ಎಂದಿದ್ದರೆ ಬರೀ ಬಿಸಿ ಕೊಟ್ಟ ಮರ, ತೊಂದರೆಯಿಲ್ಲ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಮಕ್ಕಳ ಕೈಗೆ ಬೇಡ. ಇನ್ನೊಂದು, ಮುರಿದ ಮೊಳೆ ಒಳಗೆ ಉಳಿದಿರುತ್ತದೆ, ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ. ಗೋಕಾಕದ ಬೊಂಬೆಯವರು ಬಳಸುವಂಥ ಹಗುರ ಮರ ಸಿಕ್ಕರೆ ಆಸೆಯಾಗುತ್ತದೆ. ಕೆತ್ತಲು ಅದು ಬೆಣ್ಣೆ, ಆದರೆ ಹತ್ತು ಓಟಕ್ಕೆ ಮೊಳೆಯ ತೂತು ಹಿಗ್ಗಿ ಗಾಲಿ ಓರೆಯಾಗುತ್ತದೆ. ಪರೀಕ್ಷೆಗೆ ಬಂದ ಕಾರೇ ಬದಲಾದರೆ ಪರೀಕ್ಷೆಗೆ ಅರ್ಥವಿಲ್ಲ.

ನಾಲ್ಕೂ ಕಾರಿಗೆ ಒಂದೇ ಹಲಗೆಯ ಮರ ಇರಲಿ. 44 ಎಂ.ಎಂ. ಅಗಲ, 12 ಎಂ.ಎಂ. ದಪ್ಪಕ್ಕೆ ರಂಧಾ ಹೊಡೆಸಿದ 80 ಸೆಂ.ಮೀ. ಪಟ್ಟಿ ತನ್ನಿ. ಅದರಲ್ಲಿ 178 ಎಂ.ಎಂ.ನ ನಾಲ್ಕು ತುಂಡು ಬರುತ್ತವೆ. ಗಂಟು ಇರುವ ಭಾಗ ಬಿಡಿ. ಒಂದೊಂದು ತುಂಡು 42 ಗ್ರಾಂ ಆಸುಪಾಸು, ಗಾಲಿ ಮತ್ತು ಮೊಳೆ ಸೇರಿ ಇನ್ನು 15, ಒಟ್ಟು 57 ಗ್ರಾಂ. ಗುರಿ ಎಲ್ಲಕ್ಕೂ 140 ಗ್ರಾಂ ಇಟ್ಟುಕೊಳ್ಳೋಣ. 141.7ಕ್ಕೆ ತಾಗಿಸಿದರೆ ಮುಂದೆ ಹೇಳುವ ಕಾರಣಕ್ಕೆ ಕೈಕೊಡುತ್ತದೆ. ಹಾಗಾದರೆ 83 ಗ್ರಾಂ ಸೇರಿಸಬೇಕು.

ಆ 83 ಗ್ರಾಂಗೆ ಸೀಸ ಯಾಕೆ? ಕಾಕಾ ಅವರ ಕೈಚಳಕದ ಮೇಲೆ ಅನುಮಾನವಿಲ್ಲ, ಆದರೆ ಶಾಲೆಯಲ್ಲಿ ಸೀಸ ಕಾಯಿಸುವ ಮಾತು ಎತ್ತಲೇಬೇಡಿ. ಅದರ ಹೊಗೆ, ದೂಳು ಮಕ್ಕಳ ಮೆದುಳಿಗೆ ಕೆಡುಕು. ಹಳೆ ಬ್ಯಾಟರಿಯ ಸೀಸವಾದರೆ ಆಸಿಡ್ಡೂ ಜೊತೆಗಿರುತ್ತದೆ. ತೇವವಿರುವ ಮರಕ್ಕೆ ಕಾದ ಸೀಸ ಹೊಯ್ದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಟೈರ್ ಅಂಗಡಿಯ ಅಂಟಿಸುವ ಬ್ಯಾಲೆನ್ಸ್ ತೂಕ ಬಳಸಬಹುದು, ಅವು 5, 10 ಗ್ರಾಂನ ತುಂಡಾಗಿ ಸಿಗುವುದರಿಂದ ಲೆಕ್ಕ ಸುಲಭ. ಆದರೆ ಕೆಲವು ಸೀಸದವು, ಕೆಲವು ಕಬ್ಬಿಣದವು. ಅಯಸ್ಕಾಂತಕ್ಕೆ ಅಂಟುವುದನ್ನು ಮಾತ್ರ ತನ್ನಿ. ನಾಣ್ಯ ಅಂಟಿಸುವ ರೂಢಿ ಅಮೆರಿಕದ ಕಡೆಯದು, ನಮಗೆ ಹೊಂದದು. ಒಂದು ರೂಪಾಯಿಯಲ್ಲೇ 4.85, 3.79, 3.09 ಗ್ರಾಂನ ಬೇರೆ ಬೇರೆ ಟಂಕದವು ಚಲಾವಣೆಯಲ್ಲಿವೆ. ಕರಗಿಸುವುದು, ಹಾಳುಮಾಡುವುದಂತೂ 2011ರ ನಾಣ್ಯ ಕಾಯ್ದೆಯಲ್ಲಿ ನಿಷಿದ್ಧ. ಡಬ್ಬಿಯಲ್ಲಿ ಮರಳು, ಛರ್ರೆ ತುಂಬುವುದು ಎಲ್ಲಕ್ಕಿಂತ ಕೆಟ್ಟದ್ದು. ಇಳಿಜಾರು ಮುಗಿದು ಸಪಾಟಾಗುವ ತಿರುವಿನಲ್ಲಿ ಅದು ಒಳಗೆ ಸರಿದು ಪ್ರತಿ ಓಟಕ್ಕೂ ತೂಕದ ಜಾಗ ಬದಲಾಗುತ್ತದೆ.

ಕಟ್ಟಡದ 12 ಎಂ.ಎಂ. ರಾಡಿನ ತುಂಡು ಇದೆಯಲ್ಲ, ಅದೇ ಸಾಕು. ಸೆಂಟ್ರಿಂಗ್ ಕೆಲಸದವರೆಲ್ಲ ಬಲ್ಲ ಲೆಕ್ಕ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 144ನ್ನು 162ರಿಂದ ಭಾಗಿಸಿದರೆ 0.889, ಅಂದರೆ ಸೆಂಟಿಮೀಟರಿಗೆ ಸುಮಾರು 8.9 ಗ್ರಾಂ. 4 ಸೆಂ.ಮೀ. ತುಂಡು 35.5 ಗ್ರಾಂ, ಎರಡು ಸೇರಿ 71. ಉಳಿದ 12 ಗ್ರಾಂ ವಾಷರ್ ಮತ್ತು ಅಂಟಿಗೆ. ನಾಲ್ಕು ಕಾರಿಗೆ ಎಂಟು ತುಂಡು, ಕಟರ್ ತಿನ್ನುವುದೂ ಸೇರಿ ಒಂದೂಕಾಲು ಅಡಿ ರಾಡು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕೊಯ್ಯಿಸಿ ಅಂಚಿನ ಮುಳ್ಳು ಉಜ್ಜಿಸಿ. ರಾಡಿನ ತೂಕದಲ್ಲಿ ನೂರಕ್ಕೆ ಐದರಷ್ಟು ಏರುಪೇರು ಸಹಜ, ಆದ್ದರಿಂದ ಲೆಕ್ಕ ನಂಬಿ ಅಂಟಿಸದೆ ತೂಗಿ ಅಂಟಿಸಿ.

ಈಗ ಅಚ್ಚಿನ ತೂತು. ಇಡೀ ಕೆಲಸದಲ್ಲಿ ಆತುರ ಮಾಡಬಾರದ ಜಾಗ ಇದೊಂದೇ. ಹಿಂದಿನ ತುದಿಯಿಂದ 20 ಎಂ.ಎಂ., ಮುಂದಿನ ತುದಿಯಿಂದ 20 ಎಂ.ಎಂ., ಪಟ್ಟಿಯ ಕೆಳಮೈಯಿಂದ 4 ಎಂ.ಎಂ. ಮೇಲೆ ಗುರುತು ಹಾಕಿ. ಅಷ್ಟು ಕೆಳಗೆ ತೂತು ಹೊಡೆದರೆ 30 ಎಂ.ಎಂ. ಗಾಲಿಯಲ್ಲಿ ಕಾರಿನ ಹೊಟ್ಟೆ ನೆಲದಿಂದ 11 ಎಂ.ಎಂ. ಎತ್ತರ ನಿಲ್ಲುತ್ತದೆ. ಕಾರು ದಾರಿ ತಪ್ಪದಂತೆ ಲೇನಿನ ನಡುವೆ ಉದ್ದಕ್ಕೂ ಇರುವ ಪಟ್ಟಿ ಸಾಮಾನ್ಯವಾಗಿ 6 ಎಂ.ಎಂ. ಎತ್ತರ ಇರುವುದರಿಂದ ತಾಗುವುದಿಲ್ಲ. ನಿಮ್ಮದನ್ನು ಅಳೆದು ಖಾತ್ರಿ ಮಾಡಿಕೊಳ್ಳಿ. ಕೈ ಡ್ರಿಲ್ ಬೇಡ. ಸ್ಟ್ಯಾಂಡಿನ ಡ್ರಿಲ್ಲಿನಲ್ಲಿ, ಪಟ್ಟಿಯನ್ನು ಕಾಟಕೋನದ (ಲಂಬಕೋನದ) ಕಟ್ಟಿಗೆಗೆ ಬಿಗಿದು ತೂತು ಹೊಡೆಯಬೇಕು. ಕಿಟ್‌ನ ಮೊಳೆ 2.2ರಿಂದ 2.3 ಎಂ.ಎಂ. ಇರುತ್ತದೆ, 2 ಎಂ.ಎಂ. ಬಿಟ್ಟಿನ ತೂತಿಗೆ ಬಿಗಿಯಾಗಿ ಕೂರುತ್ತದೆ. ತೂತು ಇಲ್ಲದೆ ಬಡಿದರೆ ಪಟ್ಟಿ ಸೀಳುತ್ತದೆ, ಇಲ್ಲವೇ ಮೊಳೆ ನಾರಿನ ಜೊತೆ ಓರೆ ಹೋಗುತ್ತದೆ.

ಮೊಳೆಯ ತಲೆಯ ಬುಡದಲ್ಲಿ ಎರಡು ಸಣ್ಣ ಉಬ್ಬುಗೆರೆ ಇರುತ್ತವೆ, ಬೆರಳಿಗಿಂತ ಉಗುರಿಗೆ ಬೇಗ ಗೊತ್ತಾಗುತ್ತವೆ. ಮೊಳೆಯನ್ನು ಡ್ರಿಲ್ಲಿನ ಬಾಯಿಗೆ ಕೊಟ್ಟು ತಿರುಗಿಸುತ್ತಾ ಸಣ್ಣ ಕಾನಸಿನಿಂದ ಅವನ್ನು ತೆಗೆಯಿರಿ. ಆಮೇಲೆ 400, 600, 1000 ನಂಬರಿನ ನೀರು ಪೇಪರ್. ತಿರುಗುವಾಗ ಮೊಳೆಯ ತುದಿ ಕುಣಿದರೆ ಅದು ಬಾಗಿದೆ, ಬದಲಿಸಿ. ಐದನೇ ಪೊಟ್ಟಣ ಇದಕ್ಕೇ ಇರಲಿ. ಗಾಲಿಗೂ ದೇಹಕ್ಕೂ ನಡುವೆ ಮುಕ್ಕಾಲು ಎಂ.ಎಂ.ನಷ್ಟು ಸಂದು ಬಿಡಿ. ಹಳೆಯ ಎಟಿಎಂ ಕಾರ್ಡು ಸಿಗಿಸಿ ಮೊಳೆ ಒತ್ತಿದರೆ ಎಲ್ಲ ಗಾಲಿಗೂ ಒಂದೇ ಸಂದು ಬರುತ್ತದೆ.

ತೂಕ ಇಡುವ ಜಾಗ: ಹಿಂದಿನ ತುದಿಯಿಂದ 12 ಎಂ.ಎಂ.ಗೆ ಒಂದು ರಾಡು, 36 ಎಂ.ಎಂ.ಗೆ ಇನ್ನೊಂದು, ಎರಡೂ ಪಟ್ಟಿಯ ಮೇಲೆ ಅಡ್ಡಡ್ಡ. ಗುಂಡು ಕಾನಸಿನಿಂದ 3 ಎಂ.ಎಂ. ಆಳದ ತೋಡು ಮಾಡಿದರೆ ಉರುಳುವುದಿಲ್ಲ. ಇವುಗಳ ನಡುವೆ ವಾಷರ್. ಹೀಗಿಟ್ಟರೆ ಕಾರಿನ ಸಮತೂಕದ ಬಿಂದು ಹಿಂದಿನ ಅಚ್ಚಿಗಿಂತ 30 ಎಂ.ಎಂ. ಮುಂದೆ ಬರುತ್ತದೆ. ಪೆನ್ಸಿಲ್ ಮೇಲೆ ಅಡ್ಡ ಇಟ್ಟು ನೋಡಿ, ನಾಲ್ಕೂ ಕಾರಿನಲ್ಲಿ ಆ ಗೆರೆ ಒಂದೇ ಕಡೆ ಬೀಳಬೇಕು. ಓಟದ ಮಕ್ಕಳು ಇದನ್ನು ಇನ್ನೂ ಹಿಂದಕ್ಕೆ, 20 ಎಂ.ಎಂ.ವರೆಗೆ ತಳ್ಳುತ್ತಾರೆ. ಭಾರ ಹಿಂದಿದ್ದರೆ ಶುರುವಿನಲ್ಲಿ ಅದು ಅಷ್ಟು ಎತ್ತರದಲ್ಲಿರುತ್ತದೆ ಎನ್ನುವ ಲೆಕ್ಕ ಸರಿಯೇ. ಆದರೆ 30 ಡಿಗ್ರಿ ಇಳಿಜಾರಿನಲ್ಲಿ 1 ಸೆಂ.ಮೀ. ಹಿಂದೆ ಸರಿಸಿದರೆ ನಿಮ್ಮ ಟ್ರ್ಯಾಕಿನ ಕೊನೆಯಲ್ಲಿ ಸಿಗುವುದು ಒಂದೂವರೆ ಸೆಂ.ಮೀ. ಆಸುಪಾಸು. ಬದಲಿಗೆ ಮುಂದಿನ ಗಾಲಿ ಹಗುರಾಗಿ ಟ್ರ್ಯಾಕಿನ ತುಂಡುಗಳ ಜೋಡಣೆ ಬಂದ ಕಡೆ ಕಾರು ಓಲಾಡುತ್ತದೆ. ಪರೀಕ್ಷಾ ಕಾರಿಗೆ ಆ ಚೌಕಾಸಿ ಬೇಡ.

ಅಂಟು ಎಂದರೆ ಎರಡು ಭಾಗ ಕಲಸುವ ಅರಾಲ್ಡೈಟ್ ಅಥವಾ ಎಂ-ಸೀಲ್. ಬಿಸಿ ಅಂಟಿನ ಗನ್ ಬೇಗ ಮುಗಿಸುತ್ತದೆ, ನಿಜ. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ ನಿಂತ ಜೀಪಿನೊಳಗೆ ಆ ಅಂಟು ಮೆತ್ತಗಾಗುತ್ತದೆ. ಓಟದ ಮಧ್ಯೆ ರಾಡು ಕಳಚಿದರೆ ಟ್ರ್ಯಾಕಿನ ಜೊತೆ ಯಾರದೋ ಕಾಲ್ಬೆರಳೂ ಕೆಡುತ್ತದೆ. ಅಂಟು ಒಣಗಿದ ಮೇಲೆ ತೂಗಿ, ಕೊರತೆಯನ್ನು ತಾಮ್ರದ ವೈರಿನ ತುಂಡಿನಿಂದ ತುಂಬಿ. ನಾಲ್ಕು ಕಾರಿನ ನಡುವೆ 0.2 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರದಿರಲಿ. ಕಿರಾಣಿ ತಕ್ಕಡಿಗೆ ಈ ಸೂಕ್ಷ್ಮ ಗೊತ್ತಾಗದು. ಪತ್ತಾರರ ತಕ್ಕಡಿ ಕೇಳಿ.

140ಕ್ಕೆ ನಿಲ್ಲಿಸಲು ಹೇಳಿದ್ದು ಹವೆಯ ದೆಸೆಯಿಂದ. ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಬೆಳಗಾವಿಯ ಜುಲೈಗೂ ವಿಜಯಪುರದ ಏಪ್ರಿಲ್‌ಗೂ ಮರದ ತೇವದಲ್ಲಿ ನೂರಕ್ಕೆ ಆರರಷ್ಟು ಅಂತರವಾದರೆ 42 ಗ್ರಾಂ ಪಟ್ಟಿಯಲ್ಲಿ ಎರಡೂವರೆ ಗ್ರಾಂ ಏರುಪೇರು. ಎರಡು ಕೈ ವಾರ್ನಿಶ್ ಹೊಡೆದರೆ ಇದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನಿಮ್ಮ ಟ್ರ್ಯಾಕಿಗೂ ಇದೇ ಮಾತು. ಮಳೆಗಾಲದ ಬೆಳಗಾವಿಯಲ್ಲಿ ಬಿಗಿಯಾಗಿ ಕೂಡಿಸಿದ ಮರದ ಪಟ್ಟಿ ನಿಮ್ಮ ಒಣ ಹವೆಯಲ್ಲಿ ಕುಗ್ಗುತ್ತದೆ, ಜೋಡಣೆಯಲ್ಲಿ ಮೆಟ್ಟಿಲು ಏಳುತ್ತದೆ, ಸ್ಕ್ರೂ ತಲೆ ಎತ್ತುತ್ತದೆ.

ಎಣ್ಣೆಯ ವಿಷಯ. ಚಕ್ಕಡಿಗೆ ಕೀಲೆಣ್ಣೆ ಸರಿ, ಅಲ್ಲಿ ಕ್ವಿಂಟಲ್‌ಗಟ್ಟಲೆ ಹೊರೆ ಇದೆ. ಎರಡೂವರೆ ಗ್ರಾಂ ಗಾಲಿಗೆ ಎಣ್ಣೆಯ ಜಿಗುಟೇ ಹೊರೆ, ಮೇಲೆ ಎರೆಮಣ್ಣಿನ ದೂಳು ಸೇರಿದರೆ ಮೂರನೇ ಓಟಕ್ಕೆ ಅದು ಮಸಿಯ ಮುದ್ದೆ. ಬೀಗಕ್ಕೆ ಹಾಕುವ ಒಣ ಗ್ರಾಫೈಟ್ ಪುಡಿ ಬಳಸಿ. ಸಿಗದಿದ್ದರೆ 8ಬಿ ಪೆನ್ಸಿಲ್ಲಿನ ಕಡ್ಡಿ ಅರೆದು ಮೊಳೆಗೆ ಉಜ್ಜಿ. ಅದರಲ್ಲಿ ಸ್ವಲ್ಪ ಜೇಡಿಯಿದ್ದರೂ ಪರೀಕ್ಷೆಗೆ ನಡೆಯುತ್ತದೆ. ಪುಡಿ ಹಾಕಿದ ಮೊದಲ ಐದಾರು ಓಟ ಕಾರು ವೇಗ ಬದಲಿಸುತ್ತಲೇ ಇರುತ್ತದೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಟ್ರ್ಯಾಕಿಗೆ ಹೋಗುವ ಮೊದಲು ನಾಲ್ಕಡಿ ಹಲಗೆಯನ್ನು ತುಸು ಓರೆ ಇಟ್ಟು ಕಾರು ಬಿಡಿ. ನಾಲ್ಕಡಿಯಲ್ಲಿ 5 ಸೆಂ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿದರೆ ಮುಂದಿನ ಒಂದು ಮೊಳೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ತಿರುಗಿಸಿ. ಇಲ್ಲದಿದ್ದರೆ ಅದು ಲೇನಿನ ಪಟ್ಟಿಗೆ ಉಜ್ಜುತ್ತಲೇ ಓಡುತ್ತದೆ.

ಇಷ್ಟೆಲ್ಲ ಮಾಡಿದರೂ ನಾಲ್ಕು ಕಾರು ಅವಳಿಜವಳಿ ಆಗುವುದಿಲ್ಲ. ಬೇಕಾಗಿಯೂ ಇಲ್ಲ. ಕಾರುಗಳನ್ನು ಅ, ಆ, ಇ, ಈ ಎನ್ನಿ. ಮೊದಲ ಓಟದಲ್ಲಿ ಒಂದರಿಂದ ನಾಲ್ಕನೇ ಲೇನಿಗೆ ಅ-ಆ-ಇ-ಈ, ಎರಡನೆಯದರಲ್ಲಿ ಆ-ಇ-ಈ-ಅ, ಆಮೇಲೆ ಇ-ಈ-ಅ-ಆ, ಕೊನೆಗೆ ಈ-ಅ-ಆ-ಇ. ಪ್ರತಿ ಕಾರೂ ಪ್ರತಿ ಲೇನಿನಲ್ಲಿ ಒಂದು ಸಲ ಓಡಿದಂತಾಯಿತು. ಟೈಮರ್ ಬೇಡ. ಮೊದಲು ಬಂದದ್ದಕ್ಕೆ 1, ಕೊನೆಯದಕ್ಕೆ 4 ಬರೆದು ಲೇನಿನ ಪ್ರಕಾರ ಒಮ್ಮೆ, ಕಾರಿನ ಪ್ರಕಾರ ಒಮ್ಮೆ ಕೂಡಿಸಿ. ಗೆಲುವು ಕಾರಿನದೇ ಆಗಿದ್ದರೆ ನಾಲ್ಕೂ ಲೇನಿಗೆ ಹತ್ತು ಹತ್ತು ಬರುತ್ತದೆ, ಕಾರುಗಳ ಮೊತ್ತ 4, 8, 12, 16 ಎಂದು ಚದುರುತ್ತದೆ. ತಪ್ಪು ಲೇನಿನದಾದರೆ ಇದು ತಿರುಗುಮುರುಗು: ಕಾರುಗಳೆಲ್ಲ ಹತ್ತು, ಲೇನುಗಳು ಚದುರಿದವು. ನಿಜವಾದ ಹಾಳೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಇಡೀ ಸುತ್ತನ್ನು ಮೂರು ಸಲ ಮಾಡಿ. ಲೇನಿಗೆ 30 ಬರಬೇಕಾದಲ್ಲಿ 27, 33 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಮೂರನೇ ಲೇನಿಗೆ 20 ಬಂದರೆ ನಿಮ್ಮ ಮಕ್ಕಳು ಹೇಳಿದ್ದೇ ಸರಿ.

ಆಗ ಮೊದಲು ನೋಡಬೇಕಾದದ್ದು ಶುರುವಿನ ಗೇಟು, ಅಂದರೆ ಕಾರುಗಳ ಮೂತಿ ತಡೆದು ನಿಲ್ಲಿಸುವ ಗೂಟಗಳ ಸಾಲು. ನಾಲ್ಕಡಿ ಎತ್ತರದಿಂದ ಇಳಿದ ಕಾರಿನ ವೇಗ ಯಾವ ತಡೆಯೂ ಇಲ್ಲದಿದ್ದರೆ ಸೆಕೆಂಡಿಗೆ 4.8 ಮೀಟರ್ ಚಿಲ್ಲರೆ. ಅಂದರೆ ಒಂದು ಗೂಟ ಸೆಕೆಂಡಿನ ನೂರನೇ ಒಂದು ಭಾಗ ತಡವಾಗಿ ಬಾಗಿದರೆ ಆ ಕಾರು ಕೊನೆಯಲ್ಲಿ ಸುಮಾರು 5 ಸೆಂ.ಮೀ. ಹಿಂದೆ. ತೂಕ ಹಿಂದೆ ಮುಂದೆ ಮಾಡಿ ಗಳಿಸುವ ಒಂದೂವರೆ ಸೆಂ.ಮೀ. ಇದರ ಮುಂದೆ ಏನೂ ಅಲ್ಲ. ಮೂರನೇ ಗೂಟ ಬೇಗ ಬಿಡುತ್ತಿರಬಹುದು, ಅಥವಾ ಉಳಿದ ಮೂರು ತಡಮಾಡುತ್ತಿರಬಹುದು. ಗೇಟನ್ನು ಬಗ್ಗಿಸಿಟ್ಟು, ನಾಲ್ಕೂ ಮೂತಿಗೆ ಅಡ್ಡಲಾಗಿ ಒಂದು ನೇರ ಪಟ್ಟಿ ಹಿಡಿದು ಥಟ್ಟನೆ ಮೇಲಕ್ಕೆತ್ತಿ. ಮೂರನೆಯದರ ಮೇಲುಗೈ ಮಾಯವಾದರೆ ಕಳ್ಳ ಗೇಟಿನಲ್ಲೇ ಇದ್ದಾನೆ. ಗೂಟಗಳೆಲ್ಲ ಟ್ರ್ಯಾಕಿಗೆ ಲಂಬವಾಗಿ, ಒಂದೇ ಎತ್ತರಕ್ಕೆ ನಿಲ್ಲುವಂತೆ ಕಾಕಾ ಅವರಿಂದ ಸರಿಮಾಡಿಸಿ. ಮೂತಿಯ ಎತ್ತರ ಬೇರೆಯಾದರೆ ಗೂಟ ಬಿಡುವ ಕ್ಷಣವೂ ಬೇರೆಯಾಗುತ್ತದೆ. ಚಪ್ಪಟೆ ಪಟ್ಟಿಯ ಕಾರು ಮಾಡಿ ಎಂದದ್ದು ಇದಕ್ಕೂ ಹೌದು.

ಹಾಗೆ ಬಿಟ್ಟಾಗಲೂ ವ್ಯತ್ಯಾಸ ಉಳಿದರೆ ಟ್ರ್ಯಾಕಿನ ಮೈ ನೋಡಬೇಕು. ಉಗುರನ್ನು ಇಳಿಜಾರಿನ ದಿಕ್ಕಿಗೆ ಎಳೆಯುತ್ತಾ ಹೋಗಿ, ಜೋಡಣೆಯಲ್ಲಿ ಮುಂದಿನ ತುಂಡು ಎತ್ತರವಾಗಿದ್ದರೆ ಉಗುರು ತಡೆಯುತ್ತದೆ. ಅಲ್ಲಿ ಉಪ್ಪುಕಾಗದ ಸುತ್ತಿದ ಕಟ್ಟಿಗೆ ತುಂಡಿನಿಂದ ಒಂದು ಗೇಣಿನುದ್ದ ನಯವಾಗಿ ಉಜ್ಜಿ. ಬರೀ ಜೋಡಣೆಯ ಮೇಲೆ ಉಜ್ಜಿದರೆ ಗುಳಿ ಬೀಳುತ್ತದೆ. ಲೇನಿನ ಪಟ್ಟಿಯ ಅಗಲ 41 ಎಂ.ಎಂ. ಇರಬೇಕು, ಬಣ್ಣ ದಪ್ಪವಾಗಿ ಮೆತ್ತಿ 43 ಆಗಿದ್ದರೆ ಗಾಲಿ ಎರಡೂ ಕಡೆ ಉಜ್ಜುತ್ತದೆ. ಅಡ್ಡಕ್ಕೆ ಸ್ಪಿರಿಟ್ ಲೆವೆಲ್ ಇಟ್ಟು ಓರೆ ನೋಡಿ, ಕಾಲಿನ ಕೆಳಗೆ ರಟ್ಟು ಕೊಟ್ಟರೆ ಆಯಿತು. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ ಮತ್ತೆ ನಾಲ್ಕು ಓಟ ಓಡಿಸಿ. ಎಲ್ಲವನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಕೊನೆಗೂ ಅಲ್ಪಸ್ವಲ್ಪ ಉಳಿದರೆ ಸ್ಪರ್ಧೆಯ ದಿನವೂ ಪ್ರತಿ ಮಗುವಿನ ಕಾರನ್ನು ನಾಲ್ಕೂ ಲೇನಿನಲ್ಲಿ ಓಡಿಸಿ ಅಂಕ ಕೂಡಿಸಿ. 24 ಕಾರಿಗೆ 24 ಓಟ, ಒಂದು ಮಧ್ಯಾಹ್ನದ ಕೆಲಸ.

ತೂಕದ ಪಾಠವನ್ನೂ ಇದರಲ್ಲೇ ಮಾಡುವ ಮನಸ್ಸಿದ್ದರೆ ಮೊಳೆ ಕೆಡದೆ ಉಳಿದ ಐದನೇ ಪೊಟ್ಟಣದಿಂದ ಇನ್ನೊಂದು ಪಟ್ಟಿ ಕಾರು ಮಾಡಿ. ರಾಡಿನ ಬದಲು ಹಿಂದಿನಿಂದ 34 ಎಂ.ಎಂ.ಗೆ ಒಂದು 6 ಎಂ.ಎಂ. ಬೋಲ್ಟ್ ನಿಲ್ಲಿಸಿ ಚಿಟ್ಟೆ ನಟ್ ಹಾಕಿ, ವಾಷರ್ ಏರಿಸಿ ಇಳಿಸಿ 70, 100, 140 ಗ್ರಾಂಗೆ ಓಡಿಸಬಹುದು. ಬೋಲ್ಟನ್ನು ಅಚ್ಚಿಗೆ ಇನ್ನೂ ಹತ್ತಿರ ತಂದರೆ ಮೊಳೆಗೆ ತಾಗುತ್ತದೆ. ಅದರ ತಲೆಯನ್ನು ಪಟ್ಟಿಯ ಕೆಳಮೈಗೆ ಸಮನಾಗಿ ಮುಳುಗಿಸಿ, ಹೊರಗುಳಿದರೆ ಲೇನಿನ ಪಟ್ಟಿಗೆ ಬಡಿಯುತ್ತದೆ.

ಸ್ಪರ್ಧೆಯ ಹಿಂದಿನ ದಿನ ಒಂದು ಪರೀಕ್ಷಾ ಕಾರಿಗೆ ವೈರ್ ಸುತ್ತಿ ಪತ್ತಾರರ ತಕ್ಕಡಿಯಲ್ಲಿ ಸರಿಯಾಗಿ 141.7ಕ್ಕೆ ತನ್ನಿ. ಮರುದಿನ ಮಕ್ಕಳ ಕಾರು ತೂಗುವ ಮೇಜಿನ ಮೇಲೆ ಅದನ್ನೇ ಇಟ್ಟುಕೊಳ್ಳಿ. ನಿಮ್ಮ ತಕ್ಕಡಿ 142.3 ತೋರಿಸಿದರೆ ಆ ದಿನದ ಮಿತಿ 142.3.